ಬೆವರಿನ ಅಂಗಿಗೆ ರಸೀದಿ ಬೇಡವೆ?

ನಮ್ಮ ಹೈದರಾಬಾದಿನ ಪುರಾನಿ ಹವೇಲಿಯಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಉಡುಪಿನ ಭಂಡಾರವಿದೆ. ಉದ್ದನೆಯ ಪಡಸಾಲೆಯ ತುಂಬ ಮರದ ಕಪಾಟುಗಳು. ಒಮ್ಮೆ ತೊಟ್ಟದ್ದನ್ನು ಅವರು ಮತ್ತೆ ತೊಡುತ್ತಿರಲಿಲ್ಲವೆಂದು ಪ್ರತೀತಿ. ಅರಸರ ಬಟ್ಟೆಗೆ ಇಷ್ಟು ಜಾಗ ದೊರೆತದ್ದು ಸರಿಯೆ. ಆದರೆ ದೇಶಕ್ಕಾಗಿ ಬೆವರು ಹರಿಸಿದವರ ಅಂಗಿ ಎಲ್ಲಿದೆ?

ಕೆನಡಾದವರನ್ನು ನೋಡಿ. 1972ರಲ್ಲಿ ಸೋವಿಯತ್ ತಂಡದ ಮೇಲೆ ಗೆಲುವಿನ ಗೋಲು ಹೊಡೆದ ಪಾಲ್ ಹೆಂಡರ್ಸನ್ನರ ಐಸ್ ಹಾಕಿ ಅಂಗಿ 2010ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಮೀರಿ ಬೆಲೆ ತಂದಿತು. ಹುಚ್ಚೆನ್ನಬಹುದು. ಆದರೆ ಆ ಹುಚ್ಚಿಗೂ ಒಂದು ಶಿಸ್ತಿದೆ. ಕೋಲಿನ ಗುರುತು, ಹರಿದು ಹೊಲಿದ ಜಾಗ, ಅಂಕಿ ಕೂತಿರುವ ಓರೆ ಇವನ್ನೆಲ್ಲ ಪಂದ್ಯದ ಛಾಯಾಚಿತ್ರದೊಡನೆ ತಾಳೆ ನೋಡಿಯೇ ಅಂಗಿ ಅಸಲಿಯೆಂದು ಒಪ್ಪುತ್ತಾರೆ. ಅಲ್ಲಿ ಕಲೆಯೇ ಸಾಕ್ಷಿ. ಒಗೆದು ಇಸ್ತ್ರಿ ಮಾಡಿದರೆ ಸಾಕ್ಷಿ ನಾಶ.

ನಮ್ಮಲ್ಲಿ ಆದದ್ದೇನು? 1948, 1952, 1956ರ ಮೂರು ಒಲಿಂಪಿಕ್ ಚಿನ್ನಗಳ ವೀರ ಬಲಬೀರ್ ಸಿಂಗರು 1985ರಲ್ಲಿ ಮೆಲ್ಬರ್ನಿನ ತಮ್ಮ ನಾಯಕನ ಕೋಟು, 36 ಪದಕಗಳು ಮತ್ತು ನೂರಕ್ಕೂ ಹೆಚ್ಚು ಚಿತ್ರಗಳನ್ನು ವಸ್ತುಸಂಗ್ರಹಾಲಯವಾದೀತೆಂದು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಪುಕ್ಕಟೆಯಾಗಿ ಕೊಟ್ಟರು. 2012ರಲ್ಲಿ ಅವು ಕಾಣೆಯಾದದ್ದು ಬೆಳಕಿಗೆ ಬಂತು. ಅವುಗಳ ಮುಖ ಮತ್ತೆ ಕಾಣದೆಯೇ 2020ರಲ್ಲಿ ಅವರು ತೀರಿಕೊಂಡರು.

ಇದು ಅಭಿಮಾನದ ಕೊರತೆಯಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಕಚೇರಿಯಲ್ಲಿ ಒಂದು ಹಳೆಯ ಕುರ್ಚಿಗೂ ದಾಸ್ತಾನು ಪುಸ್ತಕದಲ್ಲಿ ಸಂಖ್ಯೆಯುಂಟು; ವರ್ಷಕ್ಕೊಮ್ಮೆ ಎಣಿಸಿ ಸಹಿ ಹಾಕುತ್ತೇವೆ. ಕುರ್ಚಿಗೆ ಸಲ್ಲುವ ಈ ಮರ್ಯಾದೆ ನಾಯಕನ ಕೋಟಿಗೆ ಸಲ್ಲಬಾರದೆ? ಹಣ ಕೊಟ್ಟು ಕೊಂಡದ್ದನ್ನು ಕಾಯುತ್ತೇವೆ, ದಾನ ಬಂದದ್ದನ್ನು ಮರೆಯುತ್ತೇವೆ ಎಂದಾದರೆ ದಾನಿಯನ್ನು ಹರಾಜಿಗೆ ನಾವೇ ದೂಡಿದಂತೆ.

1975ರ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ಎಂ.ಎಂ. ಸೋಮಯ್ಯ ಕೊಡಗಿನವರು. ಮೂರು ಒಲಿಂಪಿಕ್ಸ್ ಆಡಿದ ಮುಕೇಶ್ ಕುಮಾರ್ ನಮ್ಮ ಹೈದರಾಬಾದಿನವರೇ. ಇಂಥವರ ಮನೆಯ ಪೆಟ್ಟಿಗೆಗಳಿಗೆ ಕೈ ಚಾಚುವ ಮೊದಲು ಸಂಗ್ರಾಹಕರು ಒಂದು ದಪ್ಪ ಪುಸ್ತಕ ಕೊಳ್ಳಲಿ. ಯಾವ ಪಂದ್ಯ, ಯಾವ ವರ್ಷ, ಕೊಟ್ಟವರಾರು, ಪಡೆದವರಾರು, ಕೇಳಿದರೆ ಹಿಂದಿರುಗಿಸುವ ಷರತ್ತೇನು, ಎಲ್ಲವನ್ನೂ ಬರೆದು, ಚಿತ್ರ ಅಂಟಿಸಿ, ರಸೀದಿ ಕೊಡಲಿ. ಗಾಜಿನ ಕಪಾಟು ಆಮೇಲೆ ಬಂದರೂ ನಷ್ಟವಿಲ್ಲ.