ನಾದ, ಶಿಲೆ ಮತ್ತು ಸಂಗ್ರಹಾಲಯ

ವಸ್ತುಸಂಗ್ರಹಾಲಯದ ಸುತ್ತ ಗಿಡಮರಗಳನ್ನು ಬೆಳೆಸಿದ ಮಾತ್ರಕ್ಕೆ ಅದು ತಾನಿರುವ ನೆಲದೊಡನೆ ಸಂಬಂಧ ಪಡೆಯಿತೆಂದು ಹೇಳಲಾಗದು. ಆ ನೆಲವನ್ನು ಬಿಟ್ಟರೆ ಕಟ್ಟಡದ ಅರ್ಥವೇ ಕುಂದುವಂತಿರಬೇಕು. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಎಂಬ ಸಂಗೀತ ಸಂಗ್ರಹಾಲಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಇದಕ್ಕೆ ಬೇಕಾದ ಅಳತೆಗೋಲು ದಕ್ಷಿಣ ಬೆಂಗಳೂರಿನಲ್ಲಿಯೇ ಉಂಟು. ಗವಿಪುರದ ಗಂಗಾಧರೇಶ್ವರ ದೇವಾಲಯವು ಬಂಡೆಯ ಗವಿಯನ್ನೇ ಗರ್ಭಗೃಹವನ್ನಾಗಿ ಪಡೆದಿದೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಬಂಡೆಯನ್ನಾಗಲಿ ಬಾನನ್ನಾಗಲಿ ಈ ವಾಸ್ತುವಿನಿಂದ ಬೇರ್ಪಡಿಸಲು ಬಾರದು. ಲಾಲ್‌ಬಾಗಿನಲ್ಲಿ ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಬಂಡೆಯ ಮೇಲೆ ನಿಂತಿರುವ ಕೆಂಪೇಗೌಡ ಗೋಪುರವೂ ಹಾಗೆಯೇ. ಗಾತ್ರದಲ್ಲಿ ಕಿರಿದಾದರೂ ಬಂಡೆಯ ಎತ್ತರವನ್ನು ತನ್ನದಾಗಿಸಿಕೊಂಡು ಅದು ಹಿರಿದಾಗಿದೆ.

ಈಗ ಸಂಗ್ರಹಾಲಯಕ್ಕೆ ಬರೋಣ. ಅದರ ಒಳಾಂಗಣವು ವಾದ್ಯ, ಚಿತ್ರ, ಧ್ವನಿಮುದ್ರಣಗಳ ಮೂಲಕ ಭಾರತೀಯ ಸಂಗೀತದ ವೈವಿಧ್ಯವನ್ನು ಅಚ್ಚುಕಟ್ಟಾಗಿ ನಿರೂಪಿಸುತ್ತದೆ. ಆದರೆ ಈ ಭಾಗವನ್ನು ಬೇರೊಂದು ನಗರಕ್ಕೆ ಒಯ್ದರೂ ಅದಕ್ಕೆ ಹೆಚ್ಚಿನ ನಷ್ಟವಾಗದು. ಹೊರಗಿನ ನಾದೋದ್ಯಾನದ ಮಾತು ಬೇರೆ. ಅಲ್ಲಿ ಕಲ್ಲು, ಲೋಹ, ಮರಗಳಿಂದ ರಚಿಸಿದ ದೊಡ್ಡ ವಾದ್ಯಗಳನ್ನು ಬಂದವರೇ ಬಡಿದು, ಉಜ್ಜಿ ನುಡಿಸಬಹುದು. ನಾದವು ದ್ರವ್ಯದಲ್ಲಿಯೇ ಅಡಗಿದೆಯೆಂಬ ತತ್ತ್ವವು ಮಾತಿನ ನೆರವಿಲ್ಲದೆ ಅಂಗೈಗೆ ತಿಳಿಯುತ್ತದೆ. ಸಂಗ್ರಹಾಲಯದ ಅತ್ಯುತ್ತಮ ಕಲ್ಪನೆ ಇದೇ.

ದುರ್ದೈವದಿಂದ ಈ ಉದ್ಯಾನವು ಗ್ರಂಥಕ್ಕೆ ಅನುಬಂಧವಿದ್ದಂತೆ ಉಳಿದಿದೆ. ಮಕ್ಕಳ ವಿನೋದದ ತಾಣವೆಂದು ಎಣಿಸುವವರೂ ಉಂಟು. ಆದರೆ ಅಲ್ಲಿಯ ಶಿಲಾವಾದ್ಯಕ್ಕೆ ಕನ್ನಡನಾಡಿನಲ್ಲಿ ದೊಡ್ಡ ಪರಂಪರೆಯಿದೆ. ಬಳ್ಳಾರಿಯ ಸಮೀಪ, ಸಂಗನಕಲ್ಲು–ಕಪ್ಪಗಲ್ಲು ನೆಲೆಯ ಹಿರೇಗುಡ್ಡದಲ್ಲಿ, ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಮತ್ತೆ ಮತ್ತೆ ಬಡಿದು ಸವೆದ ಕುಳಿಗಳು ನವಶಿಲಾಯುಗದ ಜನರ ನಾದಾಸಕ್ತಿಗೆ ಸಾಕ್ಷಿಯೆಂದು ವಿದ್ವಾಂಸರು ಬಗೆಯುತ್ತಾರೆ. ಆ ಗುಡ್ಡಕ್ಕೂ ಕಲ್ಲುಗಣಿಗಾರಿಕೆಯ ಹಾನಿ ತಟ್ಟಿದೆ. ಗುಡ್ಡವನ್ನು ಜಲ್ಲಿಯ ರಾಶಿಯೆಂದು ಕಾಣುವವರಿಗೆ ಅದರ ನಾದ ಕೇಳಿಸುವುದಾದರೂ ಹೇಗೆ?

ಆದುದರಿಂದ ಸಂದರ್ಶಕನ ದಾರಿ ಉದ್ಯಾನದಿಂದಲೇ ಮೊದಲಾಗಬೇಕು. ಹತ್ತಿರದ ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳ ದನಿಗೆ ಕಿವಿಗೊಟ್ಟು, ಶಿಲೆಯಿಂದ ವಾದ್ಯಕ್ಕೆ, ವಾದ್ಯದಿಂದ ಧ್ವನಿಮುದ್ರಣಕ್ಕೆ ಸಾಗಬೇಕು. ಹಾಗಾದಲ್ಲಿ ಪರಂಪರೆಯನ್ನು ಕಾಪಾಡುವುದೆಂದರೆ ಅದು ಹುಟ್ಟಿದ ನೆಲವನ್ನು ಕಾಪಾಡುವುದೆಂಬ ಅರಿವು ಕಟ್ಟಡದಿಂದಲೇ ಮೂಡೀತು.