ಅಪ್ಪಣ್ಣನ ಕೈಯಲ್ಲಿದ್ದದ್ದು ಯಾವ ವಾದ್ಯ?

'ಸನಾದಿ ಅಪ್ಪಣ್ಣ'ನ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶಕರದು ಒಂದೇ ಪಲ್ಲವಿ. ಹಳ್ಳಿಯ ಮೂಲೆಯಲ್ಲಿದ್ದ ಒಂದು ವಾದ್ಯಕ್ಕೆ, ಅದನ್ನು ಊದುವ ಬಡವನಿಗೆ ಕನ್ನಡ ಚಿತ್ರರಂಗ ಸಲ್ಲಿಸಿದ ದೊಡ್ಡ ಗೌರವವಂತೆ ಅದು. 1977ರ ಚಿತ್ರ, ಕೃಷ್ಣಮೂರ್ತಿ ಪುರಾಣಿಕರ ಕಥೆ, ವಿಜಯ್ ನಿರ್ದೇಶನ: ಇದೆಲ್ಲ ಓದುಗರಿಗೆ ಗೊತ್ತಿದ್ದದ್ದೇ. ರಾಜ್‌ಕುಮಾರ್ ಅವರ ಪಾತ್ರದ ಬಗ್ಗೆ ನನಗೂ ತಕರಾರಿಲ್ಲ. ನನ್ನ ತಕರಾರು ಆ 'ಗೌರವ'ದ ಮೇಲೆ. ಗೌರವ ಸಂದದ್ದು ನಿಜ, ಆದರೆ ಸಂದದ್ದು ಶಹನಾಯಿಗೆ. ಸನಾದಿಗೆ ದಕ್ಕಿದ್ದು ಪೋಸ್ಟರಿನ ಮೇಲಿನ ಮೂರಕ್ಷರ.

'ಕರೆದರೂ ಕೇಳದೆ' ಹಾಡನ್ನೇ ತೆಗೆದುಕೊಳ್ಳಿ. ಜಿ.ಕೆ. ವೆಂಕಟೇಶ್ ಸಂಗೀತ, ಎಸ್. ಜಾನಕಿಯವರ ಕಂಠ, ಜಯಪ್ರದಾ ನೃತ್ಯ. ತೆರೆಯ ಮೇಲೆ ಊದುವವನು ಅಪ್ಪಣ್ಣ. ಧ್ವನಿಪಥದಲ್ಲಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ದನಿ ಬಿಟ್ಟ ಜಾಗದಲ್ಲಿ ವಾದ್ಯ ಹೇಗೆ ಬರುತ್ತದೆ, ಗಮನಿಸಿ. ಸ್ವರದ ಮೇಲೆ ನೇರವಾಗಿ ಬಂದು ಬೀಳುವುದಿಲ್ಲ. ಜಾರಿಕೊಂಡು ಬಂದು, ಸ್ವರವನ್ನು ಮುಟ್ಟಿಯೂ ಮುಟ್ಟದಂತೆ ಒಂದಿಷ್ಟು ಹೊತ್ತು ತಡವಿ, ಆಮೇಲೆ ನಿಲ್ಲುತ್ತದೆ. ಈ ಜಾರು ಹುಟ್ಟುವುದು ಬೆರಳು ರಂಧ್ರವನ್ನು ಅರ್ಧ ತೆರೆದು ಅರ್ಧ ಮುಚ್ಚುವುದರಿಂದ, ತುಟಿಗಳ ನಡುವೆ ಪೀಪಿಯನ್ನು ಬಿಗಿದು ಸಡಿಲಿಸುವುದರಿಂದ. ಇದು ಠುಮ್ರಿ ಹಾಡುವವರ ಗಂಟಲನ್ನು ಕೊಳವೆಗೆ ಇಳಿಸಿದ ಬನಾರಸಿನ ವಿದ್ಯೆ. ಮೈಕಿನ ಮುಂದೆ, ಸದ್ದಿಲ್ಲದ ಕೋಣೆಯಲ್ಲಿ ಮಾತ್ರ ಅದರ ಪೂರ್ತಿ ಸೊಗಸು ಕೇಳಿಸುತ್ತದೆ.

ಸನಾದಿಗೆ ಅಂಥ ಕೋಣೆ ಎಲ್ಲಿಂದ ಬರಬೇಕು? ಅದು ಮೆರವಣಿಗೆಯ ವಾದ್ಯ. ಕರಡಿಮಜಲಿನಲ್ಲಿ ಪಕ್ಕದಲ್ಲೇ ಕರಡಿ ವಾದ್ಯ ಗುಡುಗುತ್ತಿರುತ್ತದೆ, ತಾಳ ಝಣಝಣಿಸುತ್ತಿರುತ್ತದೆ. ಆ ಗದ್ದಲವನ್ನು ಸೀಳಿ ಆಚೆ ಬೀದಿಗೆ ಕೇಳಿಸಬೇಕಾದರೆ ಸ್ವರವನ್ನು ನಾಲಗೆಯಿಂದ ಕಡಿದು ಎಸೆಯಬೇಕು. ಚಿಕ್ಕ ಚಿಕ್ಕ ತುಣುಕು, ಅದನ್ನೇ ಮತ್ತೆ ಮತ್ತೆ, ಕುಣಿಯುವವನ ಕಾಲು ತಪ್ಪದ ಹಾಗೆ. ಊದುವವನು ನಡೆಯುತ್ತಲೇ ಇರುತ್ತಾನೆ. ಕೊಳವೆಯ ಲೆಕ್ಕದಲ್ಲಿ ಸನಾದಿಗೂ ಶಹನಾಯಿಗೂ ಹೆಚ್ಚು ದೂರವಿಲ್ಲ, ಒಪ್ಪೋಣ. ದೂರವಿರುವುದು ಊದುವ ರೀತಿಯಲ್ಲಿ. ಬಿಸ್ಮಿಲ್ಲಾ 1937ರಲ್ಲೇ ಕಲ್ಕತ್ತಾದ ಸಂಗೀತ ಸಮ್ಮೇಳನದಲ್ಲಿ ಊದಿ ಶಹನಾಯಿಯನ್ನು ಮದುವೆಮನೆಯ ಬಾಗಿಲಿನಿಂದ ಕಛೇರಿಯ ನಡುವೇದಿಕೆಗೆ ತಂದವರು. ವೇದಿಕೆ ಏರಿ 40 ವರ್ಷ ಕಳೆದಿದ್ದ ವಾದ್ಯವನ್ನು, ಇನ್ನೂ ಬೀದಿಯಲ್ಲೇ ನಿಂತಿದ್ದ ವಾದ್ಯದ ವೇಷದಲ್ಲಿ ನಮಗೆ ತೋರಿಸಲಾಯಿತು. ನಾವು ಕಣ್ಣೀರು ಹಾಕಿದೆವು. ಕಣ್ಣೀರು ಸುಳ್ಳಲ್ಲ, ವಿಳಾಸ ತಪ್ಪಿತ್ತು.

ಇಲ್ಲಿಗೆ ಪಂಡಿತರು ಬರುತ್ತಾರೆ. ಪಾರಸಿಯ ಸುರ್ನಾ, ತುರ್ಕಿಯ ಜುರ್ನಾ, ಚೀನದ ಸುವೋನಾ, ಮರಾಠಿಯ ಸನಈ, ನಮ್ಮ ಸನಾದಿ: ಎಲ್ಲ ಒಂದೇ ಕುಲ, ಹೆಸರಿಗೇಕೆ ಜಗಳ ಎನ್ನುತ್ತಾರೆ. ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ 1914ರಲ್ಲಿ ಮಾಡಿದ ವರ್ಗೀಕರಣದಲ್ಲಿ ಜೋಡಿ ಪೀಪಿಯ, ಬರುಬರುತ್ತಾ ಅಗಲವಾಗುವ ಕೊಳವೆಗಳಿಗೆಲ್ಲ 422.112 ಎಂಬ ಒಂದೇ ಸಂಖ್ಯೆ. ಸರಿ. ಆದರೆ ಯುರೋಪಿನ ಓಬೋ ಕೂಡ ಅದೇ ಸಂಖ್ಯೆಯೊಳಗೇ ಇದೆ. ಕುಲ ಒಂದೇ ಎನ್ನುವವರು ಅಪ್ಪಣ್ಣನ ಕೈಗೆ ಓಬೋ ಕೊಟ್ಟಿದ್ದರೆ ಸುಮ್ಮನಿರುತ್ತಿದ್ದರೇ? ವಂಶವೃಕ್ಷ ಬರೆದ ಮಾತ್ರಕ್ಕೆ ಅಣ್ಣನ ಬದಲು ತಮ್ಮನ ಕೈಯಲ್ಲಿ ತಾಳಿ ಕಟ್ಟಿಸಲು ಆಗುವುದಿಲ್ಲ.

ಸೊಲ್ಲಾಪುರದ ಜಾಧವ ಮನೆತನದವರನ್ನು ನೋಡಿ. ಶಹನಾಯಿಗಿಂತ ಗಿಡ್ಡನೆಯ ತಮ್ಮ ವಾದ್ಯವನ್ನು ಅವರು 'ಸುಂದ್ರಿ' ಎಂದೇ ಕರೆದರು, ಆ ಹೆಸರಿನಿಂದಲೇ ಕಛೇರಿ ಮಾಡಿದರು. ಕರಾವಳಿಯಲ್ಲಿ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಲ್ಲಿ ಹುಟ್ಟಿ ಸ್ಯಾಕ್ಸೋಫೋನ್ ಹಿಡಿದಾಗಲೂ ಅದನ್ನು ಸ್ಯಾಕ್ಸೋಫೋನ್ ಎಂದೇ ಕರೆದರು. ಪರದೇಶದ ವಾದ್ಯಕ್ಕೆ ತನ್ನ ಹೆಸರು ಉಳಿಯಿತು. ಸನಾದಿಗೆ ಹೆಸರಷ್ಟೇ ಉಳಿದು ದನಿ ಹೋಯಿತು.

ನಮ್ಮ ಬಿಳಿಚೋಡು ಕಡೆ ಈ ಗೊಂದಲವೇ ಬೇರೆ, ಅಥವಾ ಅದು ಗೊಂದಲವೇ ಅಲ್ಲ. ಬಿಳಿಚೋಡು ಇರುವ ಜಗಳೂರು ಸೀಮೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಮಾತೂ ಹಾಗೆಯೇ, ಎರಡು ಕಡೆಯದು. ಹರಿಹರ ದಾಟಿ ಬಡಗಲಿಗೆ ಹೋದಂತೆ ಸನಾದಿ. ದುರ್ಗ, ತುಮಕೂರಿನ ಕಡೆ ಇಳಿದಂತೆ ಓಲಗ. "ಓಲಗದೋರಿಗೆ ಹೇಳೀಯೇನಪ್ಪಾ?" ಎಂದು ಮದುವೆಮನೆಯ ಹಿರಿಯರು ಕೇಳಿದರೆ ಅವರ ಮನಸ್ಸಿನಲ್ಲಿರುವುದು ಒಂದು ಕೊಳವೆಯಲ್ಲ. ಊದುವವನು, ಡೋಲು ಬಡಿಯುವವನು, ಬೆರಳಿಗೆ ಕೆಲಸವಿಲ್ಲದೆ ಒಂದೇ ಸ್ವರವನ್ನು ಉಸಿರು ಕಡಿಯದಂತೆ ಹಿಡಿದ ಶ್ರುತಿಯವನು, ಇಡೀ ಮೇಳವೇ ಓಲಗ. ಹಳಗನ್ನಡದಲ್ಲಿ ಅರಸನ ಸಭೆಗಿದ್ದ ಹೆಸರು ಇವರಿಗೆ ಬಂದಿದೆ. ಊದುವ ಕೊಳವೆಗೆ ಬೇರೆ ಹೆಸರು ಬೇಕಾದದ್ದು ಪಟ್ಟಿ ಮಾಡುವವರಿಗೆ.

ಪಟ್ಟಿ ಮಾಡುವವರಲ್ಲೂ ಎರಡು ಪಂಗಡ. ಒಬ್ಬರು 'ನಾಗಸ್ವರ'ವೇ ಶುದ್ಧ ಎನ್ನುತ್ತಾರೆ, ಇನ್ನೊಬ್ಬರು 'ನಾದಸ್ವರ'. ಶಾಸನ, ಕೀರ್ತನೆ, ವ್ಯುತ್ಪತ್ತಿ ಎಲ್ಲವನ್ನೂ ಎಳೆತಂದು ಪುಟಗಟ್ಟಲೆ ಬರೆದಿದ್ದಾರೆ. 'ನಾಗ'ದ ಕಡೆ ಪುರಾವೆ ಹೆಚ್ಚು ಗಟ್ಟಿ ಎಂದು ನನಗೂ ಅನ್ನಿಸುತ್ತದೆ. ಆದರೆ ಈ ಪುಟಗಳಲ್ಲಿ ಎಲ್ಲೂ ಕಾಣದ ಸಂಗತಿ ಒಂದಿದೆ. ಲಗ್ನಪತ್ರಿಕೆಯಲ್ಲಿ 'ನಾದಸ್ವರ ವಿದ್ವಾನ್' ಎಂದು ಅಚ್ಚಾದ ಮನುಷ್ಯನೇ ಛತ್ರದ ಊಟದ ಸಾಲಿಗೆ ಬರುವ ಹೊತ್ತಿಗೆ 'ಓಲಗದವನು' ಆಗಿರುತ್ತಾನೆ. ಊಟಕ್ಕೆ ಕೂರಿಸುವ ಜಾಗವೂ ಆ ಹೆಸರಿನ ಪ್ರಕಾರವೇ. ಕೊರಮ, ಭಜಂತ್ರಿ ಮನೆಗಳ ಕಸುಬನ್ನು ವಾದ್ಯದ ಹೆಸರಿಗಿಂತ ಜಾತಿಯ ಹೆಸರಿನಿಂದ ಗುರುತಿಸುವ ಊರಲ್ಲಿ 'ನಾಗ'ವೋ 'ನಾದ'ವೋ ಎಂಬ ಚರ್ಚೆ ಹೊಟ್ಟೆ ತುಂಬಿದವರದು. ಈ ವಿಷಯದಲ್ಲಿ ಆ ಸಿನಿಮಾ ಈ ಪಂಡಿತರಿಗಿಂತ ಮುಂದಿತ್ತು. ಊದುವವನ ಬಡತನವನ್ನು, ಅವನಿಗೆ ಆಗುವ ಅವಮಾನವನ್ನು ಅದು ಕಂಡಿತ್ತು. ಅವನ ದನಿಯನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಇನ್ನು ಇದೇ ಕುಲದ ಮುಖವೀಣೆ. ತಂತಿಯಿಲ್ಲದ ಈ ವೀಣೆ ಮೊಣಕೈ ಉದ್ದವೂ ಇಲ್ಲ. ಮೂಡಲಪಾಯ ಬಯಲಾಟದಲ್ಲಿ ಭಾಗವತರ ಜೊತೆ ಮದ್ದಳೆ, ತಾಳ ಮತ್ತು ಇದು. ಕ್ಯಾಪ್ಟನ್ ಸಿ.ಆರ್. ಡೇ 1891ರಲ್ಲಿ ದಕ್ಷಿಣದ ವಾದ್ಯಗಳ ಬಗ್ಗೆ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ ನಾಗಸರದ ಜೊತೆಗೇ ಇದನ್ನೂ ಗುರುತಿಸಿದ್ದ. ಬೆಳಗಾಗುವವರೆಗಿನ ಆಟದಲ್ಲಿ ಭಾಗವತರು ಉಸಿರು ತೆಗೆದುಕೊಳ್ಳುವ ಜಾಗಗಳನ್ನು ತುಂಬುವುದು ಇದರ ಕೆಲಸ. ಪದದ ಕೊನೆಯ ಎಳೆತವನ್ನು ಹಿಡಿದು, ಮುಂದಿನ ಪದ ಶುರುವಾಗುವವರೆಗೆ ಕೆಳಗೆ ಬೀಳದಂತೆ ನೋಡಿಕೊಳ್ಳಬೇಕು. ಹಾಡಿಗಿಂತ ಒಂದು ಕೂದಲೆಳೆ ಹಿಂದೆ ನಡೆಯುವ ಈ ಊದಿಕೆಯನ್ನು ಕಲಿಯಲು ವರ್ಷಗಳು ಬೇಕು. ಈಗ ಎಷ್ಟೋ ಮೇಳಗಳಲ್ಲಿ ಆ ಜಾಗಕ್ಕೆ ಹಾರ್ಮೋನಿಯಂ ಬಂದು ಕೂತಿದೆ. ಅದು ಶ್ರುತಿ ಕೊಡುತ್ತದೆ, ಸ್ವರಗಳನ್ನೂ ಕೊಡುತ್ತದೆ. ಎರಡು ಸ್ವರಗಳ ನಡುವೆ ಜಾರುವ ದಾರಿ ಅದಕ್ಕಿಲ್ಲ. ಹೀಗಾಗಿ ಭಾಗವತರ ಮಟ್ಟುಗಳೂ ನೆಟ್ಟಗಾಗುತ್ತಿವೆ. ಈ ಬದಲಾವಣೆಯ ಬಗ್ಗೆ 'ಸನಾದಿ ಅಪ್ಪಣ್ಣ'ನನ್ನು ಹೊಗಳುವವರು ಒಂದು ಸಾಲೂ ಬರೆದಿಲ್ಲ. ಮುಖವೀಣೆಗೆ ರಾಜ್‌ಕುಮಾರ್ ಸಿಗಲಿಲ್ಲ, ಸಿಕ್ಕಿದ್ದರೂ ಊದಲು ಬನಾರಸಿನಿಂದಲೇ ಯಾರಾದರೂ ಬರುತ್ತಿದ್ದರೇನೋ.