ಅಶ್ವತ್ಥಾಮನ ಚಿರಂಜೀವಿತ್ವ

ಮಕ್ಕಳ ಹುಟ್ಟಿದ ದಿನದಂದು ಮನೆಯ ಹಿರಿಯರು ಸಪ್ತ ಚಿರಂಜೀವಿಗಳನ್ನು ಸ್ಮರಿಸಿ, ಅವರಂತೆ ದೀರ್ಘಾಯುವಾಗೆಂದು ಹರಸುವ ಸಂಪ್ರದಾಯವುಂಟು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ - ಈ ಏಳು ಹೆಸರುಗಳಲ್ಲಿ ಮೊದಲನೆಯದು ಅಶ್ವತ್ಥಾಮನದು. ಮಲಗಿದ್ದ ಮಕ್ಕಳನ್ನು ಕೊಂದವನ ಹೆಸರನ್ನು ಹೇಳಿ ಮಗುವನ್ನು ಹರಸುವುದು ವಿಚಿತ್ರವೇ ಸರಿ. ಅವನ ಆಯುಷ್ಯವು ವರವಲ್ಲ, ಶಾಪ. ಆದರೆ ಬದುಕಿ ಉಳಿಯಬೇಕೆಂಬುದೊಂದೇ ಗುರಿಯಾದಾಗ ಮನುಷ್ಯನ ವ್ಯಕ್ತಿತ್ವವು ಏನಾಗುತ್ತದೆಂಬುದನ್ನು ವ್ಯಾಸರು ಈ ಪಾತ್ರದಲ್ಲಿ ತೋರಿಸಿರುವಷ್ಟು ನಿರ್ದಾಕ್ಷಿಣ್ಯವಾಗಿ ಬೇರಾರೂ ತೋರಿಸಿದಂತಿಲ್ಲ.

ಚಿರಂಜೀವಿಗಳೆಲ್ಲರ ಬಾಳು ಒಂದೇ ಬಗೆಯದಲ್ಲ. ತುಂಗಭದ್ರೆಯ ದಡದ ಹಡಗಲಿಯ ಸೀಮೆಯಿಂದ ಹಿಡಿದು ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳವರೆಗೆ ಹನುಮಪ್ಪನ ಗುಡಿಗಳಿಗೆ ಲೆಕ್ಕವಿಲ್ಲ; ಕಿಷ್ಕಿಂಧೆಯೆಂದು ಪ್ರಸಿದ್ಧವಾದ ಹಂಪೆಯ ಬೆಟ್ಟಗಳೂ ಇಲ್ಲಿಗೆ ದೂರವಲ್ಲ. ಆ ಹನುಮಂತನು ಬೇಡಿದ್ದು ಲೋಕದಲ್ಲಿ ರಾಮಕಥೆ ನಡೆಯುವವರೆಗಿನ ಆಯುಷ್ಯವನ್ನು. ಅವನಿಗೆ ಬದುಕು ಸಾಧನ, ಕಥಾಶ್ರವಣ ಸಾಧ್ಯ. ಅಶ್ವತ್ಥಾಮನಿಗಾದರೋ ಹಾಗೆ ಕೇಳುವುದಕ್ಕೆ ಒಂದು ಕಥೆಯೂ ಇಲ್ಲ, ಸೇವಿಸುವುದಕ್ಕೆ ಒಬ್ಬ ಸ್ವಾಮಿಯೂ ಇಲ್ಲ. ಆಯುಷ್ಯ ಮಾತ್ರ ಇದೆ.

ಈ ಸ್ಥಿತಿಗೆ ಅವನು ಬಂದ ದಾರಿಯನ್ನು ವ್ಯಾಸರು ಬಾಲ್ಯದಿಂದಲೇ ತೆರೆದಿಡುತ್ತಾರೆ. ದ್ರೋಣನ ಮನೆಯಲ್ಲಿ ಹಸುವಿರಲಿಲ್ಲ. ಹಾಲಿಗಾಗಿ ಅತ್ತ ಮಗುವಿಗೆ ಜೊತೆಯ ಹುಡುಗರು ಹಿಟ್ಟು ಕದಡಿದ ನೀರನ್ನು ಕುಡಿಸಿದರು. ಹಾಲು ಕುಡಿದೆನೆಂದು ಅದು ಕುಣಿಯಿತು. ಆ ಕುಣಿತವನ್ನು ಕಂಡ ತಂದೆಯ ನೋವೇ ಅವನನ್ನು ದ್ರುಪದನ ಬಾಗಿಲಿಗೂ, ಅಲ್ಲಿಯ ಅಪಮಾನದಿಂದ ಹಸ್ತಿನಾವತಿಗೂ ಕರೆದೊಯ್ದಿತು. ಮುಂದೆ ಯುದ್ಧದಲ್ಲಿ ಅಶ್ವತ್ಥಾಮನೆಂಬ ಆನೆಯನ್ನು ಕೊಂದು, ಆ ಹೆಸರಿನ ಸಾವನ್ನು ಸಾರಿ, ಶಸ್ತ್ರತ್ಯಾಗ ಮಾಡಿದ ದ್ರೋಣನ ತಲೆಯನ್ನು ಧೃಷ್ಟದ್ಯುಮ್ನನು ಕತ್ತರಿಸಿದನು. ಮಗನು ಸತ್ತನೆಂಬ ಸುಳ್ಳಿನಿಂದ ತಂದೆಗೆ ಮರಣ ಬಂದಿತು. ಆ ಮಗನಿಗಾದರೋ ಸಾವೇ ಬರಲಿಲ್ಲ. ಮಹಾಭಾರತದಲ್ಲಿ ಇದಕ್ಕಿಂತ ಕಹಿಯಾದ ವಿಪರ್ಯಾಸವು ವಿರಳ.

ಸೌಪ್ತಿಕಪರ್ವದ ರಾತ್ರಿಯ ಅಶ್ವತ್ಥಾಮನನ್ನು ಪ್ರಾಣಭೀರುವೆನ್ನುವಂತಿಲ್ಲ. ಆಲದ ಮರದಲ್ಲಿ ನಿದ್ರಿಸುತ್ತಿದ್ದ ಕಾಗೆಗಳನ್ನು ಗೂಗೆಯೊಂದು ಕೊಲ್ಲುವುದನ್ನು ಕಂಡು ಅವನು ತನ್ನ ಉಪಾಯವನ್ನು ಕಲಿಯುತ್ತಾನೆ. ಕೃಪನು ಧರ್ಮವನ್ನು ಹೇಳಿದರೂ ಕೇಳುವುದಿಲ್ಲ. ಶಿಬಿರದ ಬಾಗಿಲಲ್ಲಿ ಅಡ್ಡನಿಂತ ಮಹಾಭೂತವನ್ನು ಗೆಲ್ಲಲಾರದೆ, ತನ್ನ ದೇಹವನ್ನೇ ಶಿವನಿಗೆ ಆಹುತಿಯಾಗಿ ಅರ್ಪಿಸಲು ಅಗ್ನಿಯನ್ನು ಹೊಗುತ್ತಾನೆ. ಆ ಗಳಿಗೆಯವರೆಗೆ ಅವನಿಗೆ ಪ್ರಾಣದ ಹಂಗಿಲ್ಲ. ಪಿತೃವಧೆಯ ಸೇಡೊಂದೇ ಉಸಿರು. ಶಸ್ತ್ರದಿಂದ ಕೊಲ್ಲೆಂದು ಬೇಡಿದ ಧೃಷ್ಟದ್ಯುಮ್ನನನ್ನು ತುಳಿದೇ ಕೊಂದು, ದ್ರೌಪದಿಯ ಐವರು ಮಕ್ಕಳನ್ನೂ ಕೊಂದಮೇಲೆ ಸೇಡು ತೀರಿತು. ಅದರೊಡನೆ ಬದುಕುವುದಕ್ಕಿದ್ದ ಕಾರಣವೂ ತೀರಿತು.

ಪ್ರಾಣದಾಸೆ ಮೊಳೆತದ್ದು ಇದಾದಮೇಲೆಯೇ. ಪಾಂಡವರು ಬೆನ್ನಟ್ಟಿ ಬಂದಾಗ ಅವನು ಭಾಗೀರಥಿಯ ತೀರದಲ್ಲಿ, ಮೈಗೆ ತುಪ್ಪ ಬಳಿದು, ದರ್ಭೆಯನ್ನುಟ್ಟು, ಧೂಳು ಮುಸುಕಿ, ವ್ಯಾಸರ ಬಳಿ ಕುಳಿತಿರುತ್ತಾನೆ. ಭೀಮನನ್ನು ಕಂಡೊಡನೆ ಹುಲ್ಲುಕಡ್ಡಿಯೊಂದರಲ್ಲಿ ಬ್ರಹ್ಮಶಿರೋಸ್ತ್ರವನ್ನು ಆವಾಹಿಸಿ ಬಿಡುತ್ತಾನೆ. ಅರ್ಜುನನು ಇದಿರಾಗಿ ಬಿಟ್ಟ ಅಸ್ತ್ರವನ್ನು ಹಿಂದೆಗೆದುಕೊಳ್ಳಬಲ್ಲನು, ಅಶ್ವತ್ಥಾಮನು ಹಿಂದೆಗೆಯಲಾರನು. ವ್ಯಾಸರು ಪ್ರಶ್ನಿಸಿದಾಗ, ಭೀಮನಿಗೆ ಹೆದರಿ ಪ್ರಾಣರಕ್ಷಣೆಗಾಗಿ ಹಾಗೆ ಮಾಡಿದೆನೆಂದು ಅವನು ಒಪ್ಪಿಕೊಳ್ಳುತ್ತಾನೆ. ಪಾತ್ರದ ಕೀಲು ಇರುವುದು ಈ ಒಪ್ಪಿಗೆಯಲ್ಲಿ. ತನ್ನ ಒಂದು ಪ್ರಾಣಕ್ಕಾಗಿ ಲೋಕವೇ ಬೆಂದುಹೋದರೂ ಚಿಂತೆಯಿಲ್ಲ. ಅಸ್ತ್ರವು ಎಲ್ಲಿಯಾದರೂ ಬೀಳಲೇಬೇಕಾದರೆ ಉತ್ತರೆಯ ಗರ್ಭದ ಮೇಲೆ ಬೀಳಲಿ.

ಆಗ ವ್ಯಾಸರು ಒಡಂಬಡಿಕೆಯೊಂದನ್ನು ಸೂಚಿಸುತ್ತಾರೆ: ಅವನು ತಲೆಯ ಮಣಿಯನ್ನು ಕೊಡಬೇಕು, ಪಾಂಡವರು ಅವನ ಪ್ರಾಣವನ್ನು ಬಿಡಬೇಕು. ಆ ಮಣಿಯ ಗುಣವಾದರೂ ಎಂತಹುದು? ಅದನ್ನು ಧರಿಸಿದವನಿಗೆ ಶಸ್ತ್ರದ ಭಯವಿಲ್ಲ, ರೋಗದ ಭಯವಿಲ್ಲ, ಹಸಿವಿನ ಭಯವಿಲ್ಲ. ಹುಟ್ಟಿದಂದಿನಿಂದ ಭಯವನ್ನು ನೀಗುತ್ತಿದ್ದ ವಸ್ತುವನ್ನು ಭಯದಿಂದಲೇ ಅವನು ತೆತ್ತನು. ಬಳಿಕ ಬಂದ ಕೃಷ್ಣಶಾಪವು - ಮೂರು ಸಾವಿರ ವರ್ಷ ಒಡನಾಡಿಗಳಿಲ್ಲದೆ, ನೆತ್ತರು ಕೀವುಗಳ ನಾತವನ್ನು ಹೊತ್ತು, ಕಾಡುಮೇಡುಗಳಲ್ಲಿ ಅಲೆಯೆಂಬುದು - ಹೊರಗಿನಿಂದ ಹೇರಿದ ದಂಡನೆಯಂತೆ ತೋರಿದರೂ ಅವನ ಆಯ್ಕೆಯ ವಿಸ್ತಾರವೇ ಆಗಿದೆ. ಅವನು ಬಯಸಿದ್ದು ಪ್ರಾಣವನ್ನು. ಕೃಷ್ಣನು ಅದನ್ನೇ, ಸಾಕೆನ್ನುವಷ್ಟು, ಅಳೆದು ಸುರಿದನು.

ಕನ್ನಡದ ಕವಿಗಳು ಈ ಕಥೆಯ ಭಾರವನ್ನು ಬೇರೊಂದೆಡೆ ಇರಿಸಿದರು. ವ್ಯಾಸಭಾರತದ ದುರ್ಯೋಧನನು ಸೌಪ್ತಿಕದ ಸುದ್ದಿಯನ್ನು ಕೇಳಿ ಸಂತೋಷದಿಂದ ಪ್ರಾಣಬಿಡುತ್ತಾನೆ. 941ರ ಪಂಪಭಾರತದಲ್ಲಿಯೂ, ಅದೇ ಶತಮಾನದ ರನ್ನನ ಗದಾಯುದ್ಧದಲ್ಲಿಯೂ ಹಾಗಲ್ಲ. ಪಾಂಡವರ ತಲೆಗಳೆಂದು ತಂದವು ಬಾಲಕರ ತಲೆಗಳೆಂದು ದುರ್ಯೋಧನನು ಗುರುತಿಸಿ ಮರುಗುತ್ತಾನೆ. ಇದರಿಂದ ಅಶ್ವತ್ಥಾಮನ ಪಾಪಕ್ಕೆ ಒಂದು ಮರುಳಿನ ತೆರೆ ಬಿದ್ದಿತು. ಜೊತೆಗೆ, ಯಾವ ಒಡೆಯನಿಗಾಗಿ ಅದನ್ನು ಮಾಡಿದನೋ ಅವನ ಮೆಚ್ಚಿಗೆಯೂ ಅವನಿಗೆ ತಪ್ಪಿತು.

ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ 'ಅಶ್ವತ್ಥಾಮನ್' ಎಂಬ ರುದ್ರನಾಟಕವನ್ನು ಬರೆದಾಗ ಈ ಮರುಳಿನ ಎಳೆಯು ಅವರಿಗೆ ಒದಗಿಬಂದಿತೆನ್ನಬಹುದು. ಅವರು ಅನುಸರಿಸಿದ್ದು ಗ್ರೀಕ್ ಕವಿ ಸೊಫೋಕ್ಲಿಸನ 'ಏಜಾಕ್ಸ್' ನಾಟಕವನ್ನು. ಅದರಲ್ಲಿಯೂ ಅಪಮಾನಿತನಾದ ವೀರನೊಬ್ಬನು ರಾತ್ರಿಯಲ್ಲಿ ಮತಿಭ್ರಮಣೆಗೊಳಗಾಗಿ ಶತ್ರುಗಳೆಂದು ದನಕುರಿಗಳನ್ನು ಕೊಲ್ಲುತ್ತಾನೆ; ಮರುಳು ತಿಳಿದಾಗ ನಾಚಿಕೆಯನ್ನು ತಾಳಲಾರದೆ ತನ್ನ ಕತ್ತಿಯ ಮೇಲೆಯೇ ಬಿದ್ದು ಸಾಯುತ್ತಾನೆ. ಆ ಜಾಡಿನಲ್ಲಿ ನಡೆದ ಕನ್ನಡ ನಾಟಕದಲ್ಲಿ ಚಿರಂಜೀವಿಯು ಸಾಯುತ್ತಾನೆ. ಪುರಾಣಪ್ರಸಿದ್ಧವಾದುದನ್ನು ಕವಿ ಹೀಗೆ ತಿರುವಿಹಾಕಬಹುದೇ ಎಂಬ ಆಕ್ಷೇಪಣೆ ಸಹಜವಾದುದು. ಆದರೆ ಪುರಾಣವನ್ನು ಮುಟ್ಟಿದುದೊಂದೇ ದೋಷವಾಗಲಾರದು, ಪಂಪರನ್ನರೂ ಮುಟ್ಟಿದರು. ವಿಚಾರಿಸಬೇಕಾದುದು ಆ ಮಾರ್ಪಾಟಿನಿಂದ ಪಾತ್ರಕ್ಕೆ ಸಂದುದೇನು, ಸಲ್ಲದೆ ಹೋದುದೇನು ಎಂಬುದನ್ನು.

ಸಂದುದು ಘನತೆ. ಮಾನಕ್ಕಿಂತ ಪ್ರಾಣವು ಹೆಚ್ಚಲ್ಲವೆಂದು ತಿಳಿದವನು ಸಾಯಬಲ್ಲನು. ಹಾಗೆ ಸತ್ತವನಿಗಾಗಿ ನೋಡುವವರು ಕಣ್ಣೀರಿಡಬಲ್ಲರು. ಸೌಪ್ತಿಕದ ಬಾಗಿಲಲ್ಲಿ ಅಗ್ನಿಯನ್ನು ಹೊಕ್ಕ ಅಶ್ವತ್ಥಾಮನಿಗೆ ಈ ಮರಣವು ಒಪ್ಪುತ್ತದೆ. ಆದ್ದರಿಂದ ನಾಟಕವು ಆಧಾರವಿಲ್ಲದ ಕಲ್ಪನೆಯಲ್ಲ. ಸಲ್ಲದೆ ಹೋದುದು, ಮಣಿಯನ್ನು ಕೊಟ್ಟು ಪ್ರಾಣವನ್ನು ಕೊಂಡ ಆ ಇನ್ನೊಬ್ಬ ಅಶ್ವತ್ಥಾಮ. ಒಬ್ಬನೇ ಮನುಷ್ಯನು ಸೇಡಿಗಾಗಿ ಬೆಂಕಿಗೆ ಬೀಳಬಲ್ಲನು, ಪಶ್ಚಾತ್ತಾಪಕ್ಕಾಗಿ ಸಾಯಲಾರನು ಎಂಬ ವ್ಯಾಸರ ದರ್ಶನವು ರುದ್ರನಾಟಕದ ಅಳತೆಗೆ ಸಿಕ್ಕುವಂತಹದಲ್ಲ. ಮರಣದಲ್ಲಿ ಕಥೆ ಮುಗಿಯುತ್ತದೆ. ವ್ಯಾಸರ ಅಶ್ವತ್ಥಾಮನಿಗೆ ಕಥೆ ಮುಗಿಯುವುದೇ ಇಲ್ಲ. ಗ್ರೀಕ್ ಮಾದರಿಯು ಕನ್ನಡಕ್ಕೆ ಒಬ್ಬ ವೀರನನ್ನು ಕೊಟ್ಟಿತು, ಆದರೆ ಮೂಲದ ಭಯಾನಕವನ್ನು ಹಗುರಗೊಳಿಸಿತು.

ಬಳ್ಳಾರಿಯ ಕಡೆಯ ಜನಕ್ಕೆ ಈ ಕಥೆ ಹೆಚ್ಚಾಗಿ ತಲುಪಿದ್ದು ಪುಸ್ತಕದಿಂದಲ್ಲ, ರಂಗದಿಂದ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯ ಹೆಸರನ್ನು ಕೇಳದ ನಾಟಕಪ್ರಿಯರು ಈ ಸೀಮೆಯಲ್ಲಿ ಅಪರೂಪ. ಅದರ ದ್ರೌಪದಿಯ ಪಾತ್ರದಿಂದ ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಹೆಸರಾದರು. ಆ ರಾತ್ರಿಯನ್ನು ತಾಯಿಯ ಕಣ್ಣಿನಿಂದ ಕಂಡವರಿಗೆ ಅಶ್ವತ್ಥಾಮನ ಘನತೆಯ ಚರ್ಚೆಯು ದೊಡ್ಡದಾಗಿ ತೋರಲಾರದು. ಆ ನೋಟವೂ ನ್ಯಾಯವಾದುದೇ. ವ್ಯಾಸರಲ್ಲಿಯೂ ಮಣಿಯು ಕಡೆಗೆ ಬಂದು ಸೇರುವುದು ದ್ರೌಪದಿಯ ಕೈಗೆ. ಅದನ್ನು ಅವಳು ಧರ್ಮರಾಜನಿಗೆ ಒಪ್ಪಿಸಿ, ಪ್ರಾಣತ್ಯಾಗಕ್ಕಾಗಿ ಹಿಡಿದಿದ್ದ ವ್ರತವನ್ನು ಬಿಟ್ಟು ಏಳುತ್ತಾಳೆ. ಐವರು ಮಕ್ಕಳನ್ನು ಕಳೆದುಕೊಂಡವಳು ಹೀಗೆ ಮತ್ತೆ ಬಾಳಿಗೆ ಬರುತ್ತಾಳೆ. ಅವರನ್ನು ಕೊಂದವನು ಬದುಕನ್ನು ಪಡೆದೂ ಬಾಳಿನಿಂದ ಹೊರಗುಳಿಯುತ್ತಾನೆ.

ಹುಟ್ಟಿದ ದಿನದ ಹರಕೆಯಲ್ಲಿ ಅವನ ಹೆಸರು ಮೊದಲು ಬರುವುದಕ್ಕೆ ಛಂದಸ್ಸಿನ ಹೊರತು ಬೇರೆ ಕಾರಣವಿಲ್ಲದಿರಬಹುದು. ಆದರೂ ಪಟ್ಟಿಯಲ್ಲಿ ಅವನಿರುವುದು ಒಳ್ಳೆಯದೇ. ಹನುಮಂತನೂ ಅಶ್ವತ್ಥಾಮನೂ ಒಂದೇ ಉಸಿರಿನಲ್ಲಿ ನೆನಪಾಗುವಾಗ, ಹರಸುವ ಹಿರಿಯರಿಗಾದರೂ ತಾವು ಮಗುವಿಗೆ ಕೋರುತ್ತಿರುವ ಆಯುಷ್ಯವು ಯಾವ ಬಗೆಯದೆಂಬ ವಿಚಾರವು ಬಂದೀತು.